ಭಾನುವಾರದ ಟೋಪಿ

“ಟೋಪೀನೂ ಹಾಕ್ಕೋ,” ಎಂದುಬಿಟ್ಟ ವೆಂಡೆಲ್ ಫೋನಿನಲ್ಲಿ. ಅಂದಮೇಲೆ ನಾಚಿಕೆಯಾಯಿತು.

ಅತ್ತ ಕಡೆ ಅವನ ತಾಯಿ ಅರ್ನೆಸ್ಟೀನ್ ಕೆಮ್ಮಿದಳು. ಕೆಮ್ಮಿನ ನಡುವೆಯೇ ನಕ್ಕಳು. “ನಂಗೇ ಹೇಳ್ಕೊಡ್ತೀಯೇನೋ? ಕೋಟು ಆಗ್ಲೇ ಇಸ್ತ್ರಿ ಆಯ್ತು. ಉಗುರಿಗೆ ಬಣ್ಣಾನೂ ಆಯ್ತು. ನೀನು ಬಾ.”

ಆಸ್ಪತ್ರೆಗೆ ಹೋಗುವಾಗ ಚರ್ಚಿನ ಬಟ್ಟೆ ಹಾಕಿಕೊಳ್ಳುವುದು ಅವರ ಮನೆಯಲ್ಲಿ, ಡೆಟ್ರಾಯಿಟ್‌ನ ಕರಿಯರ ಆ ಬೀದಿಯಲ್ಲೇ, ಯಾರೂ ಹೇಳಿಕೊಡದೆ ಬಂದ ರೂಢಿ. ಅಜ್ಜ ಒಮ್ಮೆ ಕಾರ್ಖಾನೆಯ ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಹೋಗಿ ಆಸ್ಪತ್ರೆಯ ಪಡಸಾಲೆಯಲ್ಲಿ ಯಾರೂ ಕೇಳದೆ ಏಳು ಗಂಟೆ ಕಾಲ ಮಲಗಿದ್ದ, ಮತ್ತೆ ಏಳಲಿಲ್ಲ. ಹತ್ತು ವರ್ಷದ ವೆಂಡೆಲ್ ಕೈ ಮುರಿದುಕೊಂಡು ಬಂದಾಗ ಅಮ್ಮ ಮೊದಲು ಮುಖ ತೊಳೆಸಿ, ಟೈ ಕಟ್ಟಿ, ಆಮೇಲೆ ಹೊರಡಿಸಿದ್ದಳು. ಕೈಯ ನೋವು ಮರೆತುಹೋಗಿದೆ. ಟೈ ಬಿಗಿಯಾಗಿದ್ದದ್ದು ನೆನಪಿದೆ.

ಅವಳು ಬಾಗಿಲಲ್ಲೇ ನಿಂತಿದ್ದಳು. ಕಡುನೀಲಿ ಕೋಟು, ಕೈಚೀಲ, ಮಾಸ್ಕಿನ ಅಡಿಯಲ್ಲಿ ಯಾರಿಗೂ ಕಾಣದ ಲಿಪ್‌ಸ್ಟಿಕ್. ಟೋಪಿಯ ಮುಂಭಾಗದಿಂದ ಕಪ್ಪು ಜಾಲರಿಯ ಪರದೆಯೊಂದು ಮುಖದ ಮೇಲೆ ಇಳಿದಿತ್ತು. ವೃದ್ಧಾಶ್ರಮದ ಅಡುಗೆಮನೆಯಲ್ಲಿ ಅವಳ ಜೊತೆ ತರಕಾರಿ ಹೆಚ್ಚುವ ಕೆಲಸದಲ್ಲಿದ್ದ ಇಬ್ಬರು ಕಳೆದ ವಾರ ಹೊಸ ಸಾಂಕ್ರಾಮಿಕ ರೋಗದಿಂದ ಸತ್ತಿದ್ದರು.

“ಹಿಂದೆ ಕೂತ್ಕೋಮ್ಮ. ದೂರ ಇರ್ಬೇಕಂತೆ.”

“ಸರಿ ಡ್ರೈವರಪ್ಪ.”

ಕಾರಿನ ಚಾವಣಿ ಟೋಪಿಗೆ ತಾಗುತ್ತಿತ್ತು. ಅವಳು ಟೋಪಿ ತೆಗೆಯಲಿಲ್ಲ, ಕತ್ತು ಬಗ್ಗಿಸಿಕೊಂಡು ಕೂತಳು. ಮೆಟ್ಟಿಲಿಳಿದು ಬಂದ ದಣಿವು ಎರಡು ಸಿಗ್ನಲ್ ದಾಟಿದರೂ ಆರಲಿಲ್ಲ.

“ನೀನೆಲ್ಲಿ ಕೆಲಸ ಮಾಡ್ತೀಯ ಅಂತ ಆಸ್ಪತ್ರೇಲಿ ಹೇಳ್ಲಾ?” ಅಮ್ಮ ಕೇಳಿದಳು.

“ಹೇಳು.”

ವೆಂಡೆಲ್ ಇದ್ದದ್ದು ಸರ್ಕಾರಕ್ಕೆ ಅಂಕಿಅಂಶ ಒದಗಿಸುವ ಸಂಸ್ಥೆಯೊಂದರಲ್ಲಿ. ರಾಜ್ಯದ ನೂರು ಜನರಲ್ಲಿ ಕರಿಯರು ಹದಿನಾಲ್ಕು. ಈ ರೋಗದಿಂದ ಸತ್ತ ನೂರು ಜನರಲ್ಲಿ ನಲವತ್ತು. ಆ ಪಟ್ಟಿ ಅವನೇ ಮಾಡಿದ್ದು. ಮಧ್ಯಾಹ್ನ ಮೂರು ಗಂಟೆಯೊಳಗೆ ವರದಿ ಕಳಿಸಬೇಕಿತ್ತು. ಮುಂದಿನ ಸೀಟಿನಲ್ಲಿ ಅಮ್ಮನಿಗೆ ಜಾಗ ಇರಲಿಲ್ಲ. ಅಲ್ಲಿ ಲ್ಯಾಪ್‌ಟಾಪ್ ಇತ್ತು.

ರೋಗಿಯ ಜೊತೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು ಒಬ್ಬಳೇ ಹೋದಳು, ಕಾಣಿಕೆ ತಟ್ಟೆ ಹಿಡಿಯಲು ಹೋಗುವವಳ ಹಾಗೆ. ಅವನು ಕಾರಿನಲ್ಲಿ ಕೂತು ವರದಿಯ ‘ಕಾರಣ’ ಎಂಬ ಖಾಲಿ ಅಂಕಣವನ್ನು ನೋಡಿದ, ಅದನ್ನು ಹಾಗೇ ಬಿಟ್ಟು ವರದಿ ಕಳಿಸಿದ. ನಲವತ್ತು ನಿಮಿಷಕ್ಕೆ ಅವಳು ಹೊರಗೆ ಬಂದಳು.

“ಏನಂದ್ರು?”

“ಚೆನ್ನಾಗಿದೀರ ಅಂದ್ರು.” ಉಸಿರು ತಗೊಂಡಳು. “ನರ್ಸಮ್ಮ... ಟೋಪಿ ಎಲ್ಲಿ ತಗೊಂಡ್ರಿ ಅಂತ ಕೇಳಿದ್ಲು.”

“ಬೆರಳಿಗೆ ಹಾಕಿ ಆಕ್ಸಿಜನ್ ನೋಡಿದ್ರಾ?”

“ತೊಂಬತ್ನಾಲ್ಕಂತೆ. ಪಾಸಾದೆ. ಮನೇಲೇ ಇರಿ, ನೀರು ಕುಡೀರಿ. ಹೀಗೆ ಡ್ರೆಸ್ ಮಾಡ್ಕೊಂಡು ಬರೋರು... ಬಚಾವ್ ಆಗ್ತಾರೆ ಬಿಡಿ ಅಂದ್ಲು.”

ಬೆರಳಿಗೆ ಕಚ್ಚಿಸುವ ಆ ಸಾಧನದ ಬೆಳಕು ಕಪ್ಪು ಚರ್ಮದ ಮೇಲೆ ಇರುವುದಕ್ಕಿಂತ ಎರಡು ಮೂರು ಅಂಕ ಹೆಚ್ಚು ತೋರಿಸುವುದುಂಟು. ವೆಂಡೆಲ್ ಅದನ್ನು ಎಂದೋ ಒಂದು ಲೇಖನದಲ್ಲಿ ಓದಿದ್ದ. ಒಳ್ಳೆಯ ಲೇಖನ ಎಂದುಕೊಂಡು ಪಕ್ಕಕ್ಕಿಟ್ಟಿದ್ದ.

“ಇಲ್ಲೇ ಇರು,” ಎಂದು ಕಾರಿನಿಂದಿಳಿದ.

ಹತ್ತು ಹೆಜ್ಜೆಯಲ್ಲಿ ಮಾತು ಸಿದ್ಧವಾಯಿತು. ಆ ಸಾಧನವನ್ನು ನಂಬಬೇಡಿ, ಆಕೆಯ ಉಸಿರು ನೋಡಿ, ಆ ಟೋಪಿ ತೆಗೆಸಿ ನೋಡಿ. ಬಾಗಿಲಲ್ಲಿ ಕಾವಲುಗಾರನಿದ್ದ, ಅವನೂ ಕರಿಯನೇ, ವಯಸ್ಸಾದವನು. ಅವನ ಹಿಂದೆ ಗಾಜಿನಲ್ಲಿ ಒಬ್ಬ ಮಾಸ್ಕು ಹಾಕಿದ ಎತ್ತರದ ಕರಿಯ ಕೈಯೆತ್ತಿಕೊಂಡು ಬರುತ್ತಿದ್ದ. ಅವನನ್ನು ಕಂಡು ವೆಂಡೆಲ್‌ಗೇ ದಿಗಿಲಾಯಿತು. ತಾನೇ ಅದು ಎಂದು ತಿಳಿದಾಗ ಕೈ ಇಳಿಸಿದ.

“ಏನಪ್ಪಾ?” ಎಂದ ಕಾವಲುಗಾರ.

“ಬಾತ್‌ರೂಮ್ ಇದೆಯಾ?”

“ಒಳಗೆ ಬಿಡಲ್ಲ ಮಗಾ. ಆ ತಿರುವಿನಲ್ಲಿ ಪೆಟ್ರೋಲ್ ಬಂಕ್ ಇದೆ ನೋಡು.”

ವೆಂಡೆಲ್ ಥ್ಯಾಂಕ್ಸ್ ಹೇಳಿದ. ಹೇಳಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

ಏಪ್ರಿಲ್ ಆದರೂ ಚಳಿ ಬಿಟ್ಟಿರಲಿಲ್ಲ. ಹೀಟರ್ ಹಾಕಿ ಕಾರು ಹೊರಡಿಸಿದ. ಫೋನು ಬಡಿದುಕೊಂಡಿತು, ಸ್ಪೀಕರಿನಲ್ಲಿ ಮೇಲಧಿಕಾರಿ ಕ್ರೌಸ್.

“ವೆಂಡೆಲ್, ಎಲ್ಲಾ ಚೆನ್ನಾಗಿದೆ ಕಣಯ್ಯಾ. ಕಾರಣ ಮಾತ್ರ ಖಾಲಿ ಬಿಟ್ಟಿದೀಯ. ಹಳೇ ಕಾಯಿಲೆಗಳು ಅಂತ ಹಾಕ್ಲಾ? ಸಕ್ಕರೆ, ಬಿಪಿ, ಬೊಜ್ಜು. ಯಾರಿಗೂ ನೋವಾಗಲ್ಲ.”

ಕನ್ನಡಿಯಲ್ಲಿ ಟೋಪಿ ಮಾತ್ರ ಕಾಣುತ್ತಿತ್ತು.

“ಹಾಕಿ,” ಎಂದ ವೆಂಡೆಲ್.

“ಯಾರಿಗೋ... ಹಳೇ ಕಾಯಿಲೆ?” ಹಿಂದಿನಿಂದ ಅಮ್ಮ ಕೇಳಿದಳು.

“ಯಾರಿಗೂ ಇಲ್ಲಮ್ಮ. ಆಫೀಸಿಂದು.”

ಸ್ವಲ್ಪ ದೂರ ಹೋದಮೇಲೆ ಅವನೇ ಅಂದ: “ವಾಪಸ್ ಹೋಗೋಣ್ವಾ? ನಾನು ಮಾತಾಡ್ತೀನಿ.”

“ಏನಂತ?” ಅವಳು ಎರಡು ಸಲ ಉಸಿರೆಳೆದುಕೊಂಡಳು. “ಇದಕ್ಕಿಂತ... ಒಳ್ಳೇ ಬಟ್ಟೆ... ನನ್ಹತ್ರ ಇಲ್ವಲ್ಲೋ.”

ಅವನು ಕಾರಿನ ವೇಗ ಕಡಿಮೆ ಮಾಡಿದ. ಮುಂದೆ ಸಿಗ್ನಲ್ ಕೆಂಪಾಯಿತು. ಖಾಲಿ ರಸ್ತೆ, ಎಡಕ್ಕೂ ಬಲಕ್ಕೂ ಒಂದು ಗಾಡಿಯಿಲ್ಲ. ಆದರೂ ನಿಲ್ಲಿಸಿದ. ಅವನು ಸಿಗ್ನಲ್ ದಾಟುವವನಲ್ಲ.

“ಅಮ್ಮಾ?”

ಉತ್ತರ ಬರಲಿಲ್ಲ. ತಿರುಗಿ ನೋಡಿದ. ತಲೆ ಇನ್ನಷ್ಟು ಬಗ್ಗಿತ್ತು. ಟೋಪಿ ಮಾತ್ರ ಒಂದಿಷ್ಟೂ ಜಾರಿರಲಿಲ್ಲ. ಮಡಿಲಲ್ಲಿ ಬಣ್ಣ ಹಚ್ಚಿದ ಬೆರಳುಗಳು ಕೈಚೀಲವನ್ನು ಹಿಡಿದಿದ್ದವು. ಮುಖದ ಮುಂದೆ ಕಪ್ಪು ಜಾಲರಿ ಅಲುಗುತ್ತಿತ್ತು. ಒಳಕ್ಕೆ, ಹೊರಕ್ಕೆ, ಮತ್ತೆ ಒಳಕ್ಕೆ.

ಉಸಿರೋ, ಹೀಟರಿನ ಗಾಳಿಯೋ.

ಹೀಟರ್ ಆರಿಸಿದರೆ ಗೊತ್ತಾಗುತ್ತದೆ. ಅವನ ಕೈ ಗುಂಡಿಯವರೆಗೆ ಹೋಯಿತು. ಸಿಗ್ನಲ್ ಹಸಿರಾಯಿತು, ಮತ್ತೆ ಕೆಂಪಾಯಿತು. ಜಾಲರಿ ಅಲುಗುತ್ತಲೇ ಇತ್ತು. ಅವನ ಬೆರಳು ಗುಂಡಿಯ ಮೇಲೇ ಇತ್ತು.