ಹಳೇ ಪಾಯ, ಹಸಿ ನೆಲ

ನನ್ನ ಗಂಡ ಹಿಡಿದ ಮೊಲಕ್ಕೆ ಮೂರೇ ಕಾಲು. ಬೆಂಕಿಗೆ ಮನೆ ಹೋದ ಮೇಲೆ ಉಳಿದದ್ದು ಪಾಯದ ಕಲ್ಲುಗೋಡೆ ಮಾತ್ರ. ಇಳಿಜಾರಿನ ಕಡೆ ಅದು ಆಳೆತ್ತರ. "ನಾನೂ ಅಪ್ಪನೂ ಕಟ್ಟಿದ್ದು, ಆನೆ ಗುದ್ದಿದ್ರೂ ಅಲ್ಲಾಡಲ್ಲ," ಎಂದು ಅದರ ಮೇಲೆಯೇ ಹೊಸ ಕಾಂಕ್ರೀಟ್ ನೆಲ ಹಾಕಲು ಹೊರಟರು. ಬೇಡ ಎನ್ನಲು ನನಗೂ ಬಾಯಿರಲಿಲ್ಲ. ನಾದಿನಿಯ ಮನೆಯ ಹಜಾರದಲ್ಲಿ ಮಲಗಿ ಮಲಗಿ ಸಾಕಾಗಿತ್ತು. ಅವಳು ಪಾತ್ರೆ ಕುಕ್ಕುವ ಸದ್ದಿಗೇ ನನಗೆ ಬೆಳಗಾಗುತ್ತಿತ್ತು.

ಗೋಡೆಗಳ ನಡುವೆ ಮಣ್ಣು ತುಂಬುವಾಗ ಮೇಸ್ತ್ರಿ ಹೇಳಿದ್ದ: "ಅಣ್ಣಾ, ಸ್ವಲ್ಪ ಸ್ವಲ್ಪವೇ ಹಾಕಿ ದಮ್ಮಸ್ಸು ಮಾಡಿ." ಇವರು ಕೇಳಬೇಕಲ್ಲ! ಒಂದೇ ಸಲಕ್ಕೆ ತುಂಬಿ, ಮಣ್ಣು ತಾನಾಗಿ ಕೂರಲಿ ಎಂದು ಪೈಪಿನಲ್ಲಿ ನೀರು ಬಿಟ್ಟರು. ಒಂದು ವಾರವಾದರೂ ಒಣಗಲಿ ಎಂದ ಮೇಸ್ತ್ರಿ. ತಂಗಿಯ ಗಂಟುಮುಖ ನೋಡಲಾರದೆ ಇವರು ಮಾರನೆಯ ದಿನವೇ ಮಿಕ್ಸರ್ ತರಿಸಿದರು.

ಕಾಂಕ್ರೀಟ್ ಮುಕ್ಕಾಲು ಪಾಲು ಬಿದ್ದಿತ್ತು. ನಾನು ಮೇಲ್ಭಾಗದಲ್ಲಿ, ಅಡುಗೆಮನೆಯಾಗುವ ಮೂಲೆಯ ಹತ್ತಿರ ನಿಂತು, ಒಲೆ ಎಲ್ಲಿಡಲಿ ಎಂದು ಯೋಚಿಸುತ್ತಿದ್ದೆ. ಕೆಳಗಿನಿಂದ ಮೇಸ್ತ್ರಿ ಕೂಗಿದ.

"ನಿಲ್ಸಿ! ಗೋಡೆ ಹೊಟ್ಟೆ ಬಿಟ್ಟಿದೆ!"

ಕೆಳಗೆ ಓಡಿ ಹೋಗಿ ನೋಡಿದೆ. ಅಯ್ಯೋ, ಇಳಿಜಾರಿನ ಗೋಡೆ ನಡುವಿನಲ್ಲಿ ಉಬ್ಬಿತ್ತು. ಕಲ್ಲುಸಂದಿಗಳಲ್ಲಿ ಕೆಸರು ನೀರು ಜಿನುಗುತ್ತಿತ್ತು. ಇವರು ಅದಕ್ಕೊಂದು ಕಂಬ ಆನಿಸಿ, ಪಕ್ಕದಲ್ಲೇ ಬೆನ್ನು ಕೊಟ್ಟು ನಿಂತಿದ್ದರು! ಮೇಸ್ತ್ರಿ ತೋಳು ಹಿಡಿದೆಳೆದರೆ ಕೊಡವಿಕೊಂಡರು.

"ಕಾಂಕ್ರೀಟ್ ಗಟ್ಟಿಯಾಗೋವರೆಗೆ ಹಿಡ್ಕೋತೀನಿ. ಆಮೇಲೆ ಅದೇ ನಿಲ್ಲುತ್ತೆ."

"ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಬನ್ನಿ ಈಚೆ!"

"ಇದೂ ಹೋದ್ರೆ ಎಲ್ಲಿಗೆ ಹೋಗೋಣ್ವೇ? ಮತ್ತೆ ಆ ಹಜಾರಕ್ಕಾ?" ಅವರ ದನಿ ಒಡೆಯಿತು.

ಅತ್ತರೂ ಬರುವವರಲ್ಲ, ಬೈದರೂ ಬರುವವರಲ್ಲ. ನೆಲ ಇರುವ ತನಕ ಈ ಮನುಷ್ಯ ಅಲ್ಲಿಂದ ಕದಲುವುದಿಲ್ಲ. ಹಾಗಾದರೆ ನೆಲವೇ ಬೇಡ. ಮತ್ತೆ ಮೇಲಕ್ಕೆ ಓಡಿ, ಸಲಿಕೆ ಎತ್ತಿಕೊಂಡು, ಈಗಷ್ಟೇ ಮಟ್ಟ ಮಾಡಿದ್ದ ನನ್ನ ಅಡುಗೆಮನೆಗೇ ಇಳಿದೆ. ಪಾದ ಹೂತುಹೋಯಿತು. ಬಾಚಿ ಬಾಚಿ, ಇವರಿಗೆ ಕಾಣುವ ಹಾಗೆ, ಕೆಳಕ್ಕಿಳಿಯುವ ಹಾದಿಗೆ ಎಸೆದೆ.

"ಏನೇ ಮಾಡ್ತಿದೀಯ?"

"ನಿಮ್ಮ ನೆಲ ಅಗೀತಿದೀನಿ! ಗಂಡಸಾದ್ರೆ ಬಂದು ತಡೀರಿ!"

"ಲೇ, ತಲೆ ಕೆಟ್ಟಿದೆಯಾ ನಿನಗೆ!"

ಗೋಡೆ ಬಿಟ್ಟು ಮೇಲಕ್ಕೆ ಓಡಿ ಬಂದರು, ಹಿಂದೆಯೇ ಮೇಸ್ತ್ರಿಯೂ. ಮುಖ ಕೆಂಡವಾಗಿತ್ತು. ಸಲಿಕೆಗೆ ಕೈ ಹಾಕಿದರು, ನಾನು ಬಿಡಲಿಲ್ಲ. ಇಬ್ಬರೂ ಎಳೆದಾಡುತ್ತಿರುವಾಗಲೇ ಹಿಂದೆ ಧಡಾರೆಂದಿತು. ಇಳಿಜಾರಿನ ಗೋಡೆ, ಮಣ್ಣು, ಆ ಕಡೆಯ ಅರ್ಧ ನೆಲ, ಎಲ್ಲ ಒಟ್ಟಿಗೆ ಜಾರಿ ಹೋಯಿತು. ಇವರು ನಿಂತಿದ್ದ ಜಾಗ ಕಲ್ಲಿನಡಿ ಸೇರಿತು.

ಸಲಿಕೆ ಇನ್ನೂ ಇಬ್ಬರ ಕೈಯಲ್ಲೂ ಇತ್ತು.

"ಮನೆ ಹೋಯ್ತಲ್ಲೇ," ಎಂದರು.

"ಹೋಯ್ತು. ಬೈರಿ ನನ್ನ, ಎಷ್ಟು ಬೇಕಾದ್ರೂ ಬೈರಿ. ಬೈಯೋಕೆ ನೀವು ಉಳಿದ್ರಲ್ಲ, ಸಾಕು ನನಗೆ."

ಅವರು ಬೈಯಲಿಲ್ಲ. ಹಸಿ ಕಾಂಕ್ರೀಟಿನಲ್ಲೇ ಕುಸಿದು ಕೂತು ಅಳತೊಡಗಿದರು. ನಾನೂ ಪಕ್ಕದಲ್ಲಿ ಕೂತೆ. ಆ ಅಡುಗೆಮನೆಯಲ್ಲಿ ನಾವಿಬ್ಬರೂ ಕೂತದ್ದು ಅದೊಂದೇ ಸಲ.