ಇಗ್ಲಾಲ್ ಹಾನಿಮ್‌ಗೆ ಮಾತು ಎತ್ತಿಕೊಟ್ಟವನು

ಕೈರೋದ ಇಮಾದುದ್ದೀನ್ ಬೀದಿಯ ನಾಟಕಶಾಲೆಯಲ್ಲಿ ಬಯೂಮಿಯ ಜಾಗ ರಂಗದ ಅಂಚಿನ ಗುಂಡಿ. ತಲೆಯ ಮೇಲೊಂದು ಮರದ ಗೂಡು, ಮಡಿಲಲ್ಲಿ ನಾಟಕದ ಪುಸ್ತಕ. ಮೂವತ್ತೊಂದು ವರ್ಷದಿಂದ ಅವನು ಅಲ್ಲಿಂದಲೇ ನಟರಿಗೆ ಮರೆತ ಮಾತು ಎತ್ತಿಕೊಡುತ್ತಿದ್ದ. ಎಲ್ಲರೂ ಗೌರವದಿಂದ ಹಾನಿಮ್ ಎನ್ನುತ್ತಿದ್ದ ಇಗ್ಲಾಲ್‌ಗೆ ಮಾತ್ರ ಆ ಅಗತ್ಯವೇ ಬಿದ್ದಿರಲಿಲ್ಲ. ನಲವತ್ತು ಸಿನಿಮಾ ಮಾಡಿದವಳು. ರಂಗಕ್ಕೆ ಬಂದರೆ ತನ್ನ ಮಾತಿನ ಜೊತೆಗೆ ಎದುರಿನವನ ಮಾತೂ ಆಕೆಗೆ ಬಾಯಿಪಾಠ.

"ಬಯೂಮಿ, ನೀನು ಕೆಳಗೆ ಆರಾಮಾಗಿ ಚಹಾ ಕುಡಿ. ನಾನಿದೀನಲ್ಲ," ಎಂದು ಕಿಚಾಯಿಸುತ್ತಿದ್ದಳು.

ಈ ಚಳಿಗಾಲದಲ್ಲಿ ಅವಳಿಗೂ ಎತ್ತಿಕೊಡಬೇಕಾಗಿ ಬಂತು. ಮೊದಲು ಒಂದು ಹೆಸರು, ಆಮೇಲೆ ಒಂದು ಸಾಲು, ಆಮೇಲೆ ಪುಟಗಟ್ಟಲೆ. ಒಂದು ದಿನ ಬಣ್ಣದ ಕೋಣೆಯ ಬಾಗಿಲು ಹಾಕಿ ಅವನ ತೋಳು ಹಿಡಿದುಕೊಂಡಳು.

"ಮಾತು ಮರೆತ್ರೆ ನೀನು ಹೇಳ್ಕೊಡ್ತೀಯ. ನಾನು ಎಲ್ಲಿದೀನಿ ಅನ್ನೋದೇ ಮರೆತ್ರೆ?"

"ಅಂಥ ದಿನ ಬರಲ್ಲ ಹಾನಿಮ್. ದೇವರು ದೊಡ್ಡವನು."

"ದೇವರು ದೊಡ್ಡವನೇ ಕಣೋ, ನನ್ನ ತಲೆ ಚಿಕ್ಕದಾಗ್ತಿದೆ. ಅವತ್ತು ಪರದೆ ಬೀಳಿಸ್ಬಿಡು. ಜನ ನನ್ನನ್ನ ಹಾಗೆ ನೋಡ್ಬಾರದು. ನಿನ್ನ ಮಕ್ಕಳ ಮೇಲೆ ಆಣೆ ಇಡು."

ಬಯೂಮಿ ಆಣೆಯಿಟ್ಟ. ಗುಂಡಿಯಲ್ಲೊಂದು ಸ್ವಿಚ್ಚಿದೆ, ಅದನ್ನೊತ್ತಿದರೆ ಪರದೆ ಎಳೆಯುವ ಶಾಬಾನನ ಪಕ್ಕ ಕೆಂಪು ದೀಪ ಹತ್ತುತ್ತದೆ. ಅಷ್ಟೇ ತಾನೆ ಎಂದುಕೊಂಡ, ಪಾಪ.

ಆ ದಿನ ಬಂದದ್ದು ಈದ್ ಹಬ್ಬದ ಮಾರನೆಯ ಮಧ್ಯಾಹ್ನದ ಆಟದಲ್ಲಿ. ಮನೆಮಂದಿ ಸಮೇತ ನಾಟಕಕ್ಕೆ ಬಂದವರು ಬೀಜ ಸುಲಿಯುತ್ತ ಕೂತಿದ್ದರು. ನಮ್ಮ ಜನಕ್ಕೆ ಬರೆದ ಮಾತಿಗಿಂತ ಬರೆಯದ ಮಾತೇ ರುಚಿ. ನಟ ಪುಸ್ತಕ ಬಿಟ್ಟು ಹೊರಗೆ ಹಾರಿದರೆ ಸಾಕು, ಅದಕ್ಕೆಂದೇ ಇನ್ನೊಮ್ಮೆ ಬರುತ್ತಾರೆ.

ಎರಡನೆಯ ಅಂಕದಲ್ಲಿ ಸಿರಿವಂತ ಅತ್ತೆಯಾಗಿದ್ದ ಇಗ್ಲಾಲ್ ಚಹಾದ ತಟ್ಟೆ ಹಿಡಿದು ನಿಂತುಬಿಟ್ಟಳು. ಬಯೂಮಿ ಸಾಲು ಹೇಳಿದ. ಮತ್ತೆ ಹೇಳಿದ. ಅವಳು ಬಗ್ಗಿ ಗುಂಡಿಯನ್ನು ನೋಡಿದಳು.

"ಯಾರಪ್ಪಾ ಅಲ್ಲಿ ಕೆಳಗೆ?"

ಸಭೆ ಹೋ ಎಂದು ನಕ್ಕಿತು. ಅಳಿಯನ ಪಾತ್ರದ ಮುಖ್ತಾರ್, ನಾಟಕದ ಯಜಮಾನನೂ ಅವನೇ, ಬಿಡುತ್ತಾನೆಯೇ? "ಇಲಿ ಅತ್ತೇ! ಚೀಸ್ ಹಾಕಿದ್ರೂ ಹೊರಗೆ ಬರಲ್ಲ!"

"ನನ್ನನ್ನ ಮನೆಗೆ ಕರ್ಕೊಂಡು ಹೋಗಪ್ಪಾ," ಎಂದಳು ಇಗ್ಲಾಲ್. "ಕತ್ತಲಾಗ್ತಿದೆ. ಅಮ್ಮ ಕಾಯ್ತಿರ್ತಾಳೆ."

ಎಪ್ಪತ್ತು ದಾಟಿದವಳ ಬಾಯಲ್ಲಿ ಅಮ್ಮನ ಮಾತು! ಜನ ಹೊಟ್ಟೆ ಹಿಡಿದುಕೊಂಡರು. ಬಯೂಮಿ ಸ್ವಿಚ್ಚು ಒತ್ತಿದ, ಒತ್ತಿ ಹಿಡಿದ. ದೀಪ ಹತ್ತಿತು. ಶಾಬಾನ್ ಹಗ್ಗಕ್ಕೆ ಕೈಹಾಕಿ ಯಜಮಾನನ ಮುಖ ನೋಡಿದ; ಮುಖ್ತಾರ್ ಬೆನ್ನ ಹಿಂದೆ ಕೈಯಾಡಿಸಿ ಬೇಡವೆಂದ. ಬಯೂಮಿಗೆ ತಡೆಯಲಾಗಲಿಲ್ಲ. ಗೂಡಿನಿಂದ ತಲೆ ಹೊರಹಾಕಿ "ಪರದೆ! ಪರದೆ ಬಿಡೋ!" ಎಂದು ಕಿರುಚಿದ. ಇಲಿಯೇ ಹೊರಬಂತೆಂದು ಸಭೆ ಸಿಳ್ಳೆ ಹೊಡೆಯಿತು. ಇಗ್ಲಾಲ್ ಬಿಕ್ಕಿ ಅತ್ತಳು. ಅದಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಖ್ತಾರ್ ಅವಳನ್ನು ತೋಳು ಹಿಡಿದು ಒಳಗೆ ಕರೆದೊಯ್ದ.

ಮರುದಿನ ಬೆಳಗ್ಗೆ ಬಯೂಮಿ ಅವನೆದುರು ನಿಂತ. "ಅದು ನಟನೆ ಅಲ್ಲ ಮುಖ್ತಾರ್ ಬೇ. ಅವರಿಗೆ ಮರೆವಿನ ಕಾಯಿಲೆ."

ಮುಖ್ತಾರ್ ಎದ್ದು ಬಾಗಿಲು ಮುಂದೆ ಮಾಡಿದ. "ಗೊತ್ತು ಕಾಕಾ. ಮನೇಲಿ ಕೂರಿಸಿದ್ರೆ ಅವರನ್ನ ನೋಡೋಕೆ ಯಾರು ಹೋಗ್ತಾರೆ, ನೀನೇ ಹೇಳು. ಇಲ್ಲಿ ಸಾವಿರ ಜನ ಎದ್ದು ನಿಲ್ತಾರೆ. ನಿನ್ನೆಯದನ್ನ ಪುಸ್ತಕದಲ್ಲಿ ಬರ್ಕೋ. ಇನ್ನು ದಿನಾ ಅದೇ."

"ನನ್ನ ಕೈಲಾಗಲ್ಲ."

"ಬೇರೆಯವನು ಗುಂಡಿಗೆ ಇಳೀತಾನೆ. ಅವನ ದನಿ ಅವರಿಗೆ ಗುರುತು ಸಿಗುತ್ತಾ?"

ಈಗ ರಂಗದ ಮೇಲೆ ಇಗ್ಲಾಲ್‌ಗೆ ಉಳಿದದ್ದು ಬಯೂಮಿಯ ಆ ಒಂದು ದನಿಯ ಗುರುತು. ಮುಖ್ತಾರನಿಗೂ ಅದು ಗೊತ್ತಿತ್ತು, ದರಿದ್ರದವನಿಗೆ. ಬಣ್ಣದ ಕೋಣೆಯಲ್ಲಿ ಇಗ್ಲಾಲ್ ಹಬ್ಬದ ಬಿಸ್ಕತ್ತು ತಿನ್ನುತ್ತ ಗೆಲುವಾಗಿದ್ದಳು.

"ನಿನ್ನೆ ನಾನು ಎಲ್ಲೂ ತಪ್ಪಲಿಲ್ಲ ತಾನೆ?"

"ಇಲ್ಲ ಹಾನಿಮ್."

"ನಿನ್ನ ಆಣೆ ನೆನಪಿದೆಯಲ್ಲ?"

"ಇದೆ," ಎಂದ. ನಾಚಿಕೆಯಿಂದ ಸತ್ತುಹೋದ.

ಅಂದಿನ ಆಟದ ಎರಡನೆಯ ಅಂಕದಲ್ಲಿ ಅವಳು ಅದೇ ಜಾಗಕ್ಕೆ ಬಂದು ನಿಂತಳು. ಹಿಂದಿನ ದಿನದ ಸುದ್ದಿ ಕೇಳಿ ಬಂದ ಸಭೆ ಕಾಯುತ್ತಿತ್ತು. ಅವಳು ಗುಂಡಿಯ ಕಡೆ ಕಿವಿಗೊಟ್ಟಳು, ಮುಖದಲ್ಲಿ ಭಯವಿಲ್ಲ, ಬಯೂಮಿಯಿದ್ದಾನಲ್ಲ. ಅವನು ಸ್ವಿಚ್ಚಿನ ಮೇಲೆ ಬೆರಳಿಟ್ಟ. ಶಾಬಾನ್ ಹಗ್ಗದ ಹತ್ತಿರವೂ ಇರಲಿಲ್ಲ, ಬಾಗಿಲಿಗೆ ಒರಗಿ ನಗಲು ತಯಾರಾಗಿದ್ದ. ಅವಳ ತುಟಿ ನಡುಗಲು ಶುರುವಾಯಿತು.

ಬಯೂಮಿ ಪುಸ್ತಕ ನೋಡದೆ ಪಿಸುಗುಟ್ಟಿದ: "ನನ್ನನ್ನ ಮನೆಗೆ ಕರ್ಕೊಂಡು ಹೋಗಪ್ಪಾ. ಕತ್ತಲಾಗ್ತಿದೆ. ಅಮ್ಮ ಕಾಯ್ತಿರ್ತಾಳೆ."

ಇಗ್ಲಾಲ್ ಹಾನಿಮ್ ಒಂದಕ್ಷರವೂ ತಪ್ಪದೆ ಹೇಳಿದಳು.