ಮನೆಗೆ ಮುಟ್ಟುವಷ್ಟು ಎಣ್ಣೆ

ಗಂಡಸರು ಜನಾಜಾವನ್ನು ಹೆಗಲಿಗೇರಿಸಿ ಗೇಟು ದಾಟುವ ಹೊತ್ತಿಗೆ ಸರಿಯಾಗಿ ಹಾವೇರಿ ನಂಬರಿನ ಬಿಳಿ ಕಾರೊಂದು ಬಂದು ರಸ್ತೆಯಂಚಿಗೆ ನಿಂತಿತು. ಕಿಟಕಿಯ ಸರಳು ಹಿಡಿದು ಗಂಡ ಕೊನೇ ಸಲ ಮನೆಬಿಟ್ಟು ಹೋಗುವುದನ್ನು ನೋಡುತ್ತಿದ್ದ ಜೊಹರಾಳ ಕಣ್ಣು ಅತ್ತ ಹೊರಳಿತು. ಕಾರಿನಿಂದ ಇಳಿದ ಗಂಡಸು ತಲೆಗೆ ಕರವಸ್ತ್ರ ಕಟ್ಟಿಕೊಂಡು, ಯಾರನ್ನೂ ಏನೂ ಕೇಳದೆ, ಓಡಿಹೋಗಿ ಹೆಗಲು ಕೊಟ್ಟ. ಹಿಂದೆ ಇಳಿದ ಹೆಂಗಸು ಸೆರಗನ್ನು ತಲೆಯ ಮೇಲೆಳೆದುಕೊಂಡು ಬಾಗಿಲಿಗೆ ಬಂದಳು.

"ರಜಾಕ್ ಅವರ ಮನಿ ಇದ ಏನ್ರೀ?"

ಬಾಗಿಲಲ್ಲಿದ್ದ ಮಗಳು ತಸ್ಲೀಮ್ ಹೌದೆಂದು ತಲೆಯಾಡಿಸಿದಳು. ಒಳಗೆ ಜೊಹರಾ ಕಿಟಕಿಯಿಂದ ಬಾಗಿಲಿನತ್ತ ತಿರುಗಿದಳು. ಈ ದನಿ ಮೂರು ವರ್ಷದಿಂದ ಅವಳ ಕಿವಿಯಲ್ಲೇ ಕೂತಿತ್ತು. ನಿನ್ನೆ ಸಂಜೆ ಫೋನಿನಲ್ಲಿ ಇದೇ ದನಿ ಹೆಚ್ಚುಕಡಿಮೆ ಇದೇ ಮಾತು ಕೇಳಿತ್ತು. ಜೊಹರಾ ಉತ್ತರ ಕೊಡದೆ ಕಟ್ ಮಾಡಿದ್ದಳು. ಆಗ ರಜಾಕ್ ಮುಚ್ಚಿದ ಕೋಣೆಯೊಳಗೆ ಇನ್ನೂ ಉಸಿರಾಡುತ್ತಿದ್ದನೋ ಇಲ್ಲವೋ, ಅದು ದೇವರಿಗೇ ಗೊತ್ತು.

ಎಂಥ ಧೈರ್ಯ ನೋಡು ಇವಳದ್ದು, ಗಂಡನನ್ನೇ ಮುಂದೆ ಮಾಡಿಕೊಂಡು ಬಂದಿದ್ದಾಳೆ ಎಂದುಕೊಂಡಳು ಜೊಹರಾ. ಅದರ ಬೆನ್ನಿಗೇ ಇನ್ನೊಂದು ಹೆದರಿಕೆ ಹುಟ್ಟಿತು. ಫೋನಿನ ವಿಷಯ ಇವಳು ಎಲ್ಲರೆದುರು ಆಡಿಬಿಟ್ಟರೆ?

*

ಅಬ್ದುಲ್ ರಜಾಕ್ ಆಯುಷ್ಯದ ಮುಕ್ಕಾಲು ಪಾಲನ್ನು ಲಾರಿಯಲ್ಲೇ ಕಳೆದವನು. ದೇವಿಮನೆ ಘಟ್ಟದ ತಿರುವುಗಳಿಗೆ ಗೊತ್ತಿದ್ದಷ್ಟು ತನ್ನ ಗಂಡ ತನಗೆ ಗೊತ್ತಿಲ್ಲ ಎಂದು ಜೊಹರಾ ಹಂಗಿಸುತ್ತಿದ್ದಳು. ಬೆನ್ನುಮೂಳೆ ಜಾರಿ ಡಾಕ್ಟರು ಸ್ಟಿಯರಿಂಗ್ ಮುಟ್ಟಬೇಡ ಎಂದ ಮೇಲೆ ಮನುಷ್ಯ ಮನೆಯಲ್ಲಿ ಕೂತ. ಕೂತನೇ ಹೊರತು ಮಾತಾಡಲಿಲ್ಲ. ಜೊಹರಾಳ ತಮ್ಮ ಮುಬೀನನದು ಶಿರಸಿ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಭಾವನ ಮುಖ ನೋಡಲಾಗದೆ ಅವನು ಒಂದು ಹಳೇ ಕಂಪ್ಯೂಟರು, ಜಾಯ್‌ಸ್ಟಿಕ್ ಅನ್ನುವ ಒಂದು ಹಿಡಿಕೋಲು, ಕಿವಿಗೆ ಹಾಕುವ, ಮೈಕಿರುವ ಹೆಡ್‌ಫೋನು ತಂದುಕೊಟ್ಟ. ಅದರಲ್ಲಿ ಬೇರೆಬೇರೆ ಊರಿನವರು ಇಂಟರ್ನೆಟ್ಟಿನಲ್ಲಿ ಕೂಡಿ ಯುದ್ಧವಿಮಾನ ಹಾರಿಸುವ ಆಟ.

ಅಂದಿನಿಂದ ಭಾನುವಾರ ಮಧ್ಯಾಹ್ನವಾಯಿತೆಂದರೆ ರಜಾಕ್ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಮುದಿ ವಯಸ್ಸಿನ ಮಕ್ಕಳಾಟ ಎಂದು ಜೊಹರಾ ಸುಮ್ಮನಿದ್ದಳು. ಆದರೆ ಒಂದು ದಿನ ಹೆಡ್‌ಫೋನಿನ ವಯರು ಕಿತ್ತುಬಂದು, ಒಳಗಿನ ದನಿ ಮನೆಯಿಡೀ ಕೇಳಿಸಿತು.

"ಗಿಡುಗ ಎರಡು, ಕೋಟೆ. ಉತ್ತರಕ್ಕ ಇಬ್ಬರು, ನಿಮಗಿಂತ ಮ್ಯಾಲದಾರ."

ಹೆಂಗಸಿನ ದನಿ. ಬಾಯಿ ಮುಚ್ಚುವುದರೊಳಗೆ ರಜಾಕನ ಉತ್ತರ: "ಎರಡು."

ಒಂದೇ ಶಬ್ದ. ಆದರೆ ಎಷ್ಟು ಚುರುಕು! ಮೂರು ಸಲ ಕರೆದರೂ ಹೂಂ ಅನ್ನದ ಗಂಡ ಯಾವಳಿಗೋ ಕರೆದ ಕೂಡಲೇ ಓಗೊಡುತ್ತಿದ್ದಾನೆ. ಜೊಹರಾ ಮಾರನೇ ದಿನವೇ ತಮ್ಮನನ್ನು ಹಿಡಿದು ಕೂರಿಸಿದಳು.

"ಆಪಾ, ಅದು ಆಟ. ಆಯಮ್ಮ ನೆಲದ ಮೇಲೆ ಕೂತು ರಾಡಾರ್ ನೋಡ್ತಾಳೆ. ವೈರಿ ಎಲ್ಲಿದ್ದಾನೆ ಅಂತ ಹಾರೋರಿಗೆ ಹೇಳ್ತಾಳೆ, ಅಷ್ಟೇ" ಎಂದ ಮುಬೀನ್. "ಮಿಲಿಟರಿ ರೇಡಿಯೋ ಕ್ರಮ ಅದು. ಯಾರನ್ನ ಕರೀತೀವೋ ಅವರ ಹೆಸರು ಮೊದಲು, ಆಮೇಲೆ ತಮ್ಮ ಹೆಸರು, ಆಮೇಲೆ ವಿಷಯ. ಭಾವ ಅಲ್ಲಿ ಗಿಡುಗ ಎರಡು, ಆಯಮ್ಮ ಕೋಟೆ. ಕೇಳಿಸಿಕೊಂಡವನು ತನ್ನ ನಂಬರ್ ಹೇಳಿ ತಕ್ಷಣ ಉತ್ತರ ಕೊಡ್ಲೇಬೇಕು. ಕೊಡದಿದ್ರೆ ಬಿದ್ದುಹೋದ ಅಂತ ಲೆಕ್ಕ."

"ಹಾಗಾದ್ರೆ ಬಾಗಿಲು ಯಾಕೆ ಹಾಕ್ಕೊಳ್ಳೋದು?"

"ನಿನ್ನ ಮಿಕ್ಸರ್ ಗಲಾಟೆ ಅಲ್ಲಿದ್ದೋರಿಗೆಲ್ಲ ಕೇಳ್ತದೆ ಅಂತ."

ಮುಬೀನ್ ನಕ್ಕ. ಜೊಹರಾ ನಗಲಿಲ್ಲ. ತಮ್ಮನೂ ಗಂಡಸೇ ತಾನೆ, ಭಾವನ ಪರ ವಹಿಸದೆ ಇನ್ನೇನು ಮಾಡುತ್ತಾನೆ? ಅಂದಿನಿಂದ ಅವಳೊಂದು ಸಣ್ಣ ಸೇಡು ಸುರುಮಾಡಿದಳು. ಸಂಜೆ ಅಡುಗೆಮನೆಯಿಂದಲೇ "ಚಾ ಆಯ್ತು, ಬನ್ನಿ" ಎಂದು ಒಂದೇ ಸಲ ಕೂಗುವುದು, ಲೋಟವನ್ನು ಹಾಗೇ ತೆರೆದಿಡುವುದು. ಉತ್ತರ ಬರುತ್ತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ರಜಾಕ್ ಸೊಂಟ ಹಿಡಿದುಕೊಂಡು ಹೊರಗೆ ಬಂದು, ಕೆನೆಗಟ್ಟಿದ ತಣ್ಣನೆ ಚಹಾವನ್ನು ಸದ್ದಿಲ್ಲದೆ ಕುಡಿಯುತ್ತಿದ್ದ. ಬಿಸಿ ಮಾಡಿಕೊಡು ಎಂದು ಒಂದು ದಿನವೂ ಕೇಳಲಿಲ್ಲ. ಅದೂ ಅವಳಿಗೆ ಸಂಶಯಕ್ಕೆ ಕಾರಣವಾಯಿತು. ತಪ್ಪು ಮಾಡಿದವನೇ ಅಲ್ಲವೆ ಹೀಗೆ ಬಾಯಿ ಮುಚ್ಚಿಕೊಂಡಿರುವುದು?

*

"ಜೊಹರಾ, ಒಂಚೂರು ಎಂತಾದ್ರೂ ತಿನ್ನು ಮಾರಾಯ್ತಿ" ಎಂದು ಪಕ್ಕದ ಮನೆಯ ಪರಿಮಳಾ ತಟ್ಟೆ ಹಿಡಿದುಕೊಂಡು ನಿಂತಿದ್ದಳು. ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ಬೆಳಿಗ್ಗೆಯಿಂದ ಅನ್ನ, ನೀರು ಎಲ್ಲ ಪರಿಮಳಾಳ ಮನೆಯದ್ದೇ.

ಜೊಹರಾಳ ಕಣ್ಣು ಹಾವೇರಿಯವಳ ಮೇಲೇ ಇತ್ತು. ನಲವತ್ತರ ಆಸುಪಾಸು, ಕನ್ನಡಕ, ಸಾದಾ ಕಾಟನ್ ಸೀರೆ. ಅತ್ತು ಅತ್ತು ಮೂಗು ಕೆಂಪಾಗಿದೆ. ನನಗೇ ಇನ್ನೂ ಕಣ್ಣೀರು ಬಂದಿಲ್ಲ, ಇವಳಿಗೆಲ್ಲಿಂದ ಬಂತು?

"ಅಮ್ಮಿ, ಇವರ ಹೆಸರು ತನುಜಾ ಅಂತೆ" ಎಂದಳು ತಸ್ಲೀಮ್. "ರಾತ್ರಿ ಫೋನ್ ಮಾಡಿದಾಗ ಮುಬೀನ್ ಮಾಮೂ ವಿಷಯ ತಿಳಿಸಿದ್ರಂತೆ."

ತನುಜಾ ಹತ್ತಿರ ಬಂದು ನೆಲದ ಮೇಲೇ ಕೂತಳು. "ಅಕ್ಕಾರ, ನಿನ್ನಿ ಸಂಜೀಕ ನಾನು ನಿಮ್ಮ ಫೋನಿಗೆ..."

"ಒಳಗೆ ಬನ್ನಿ" ಎಂದು ಜೊಹರಾ ದಿಗ್ಗನೆ ಎದ್ದಳು. ಹೆಂಗಸರೆಲ್ಲ ನೋಡನೋಡುತ್ತಿದ್ದಂತೆ ಅವಳ ಕೈಹಿಡಿದು ರಜಾಕನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು.

ಮೇಜಿನ ಮೇಲೆ ಕಂಪ್ಯೂಟರು ಆರಿಹೋಗಿತ್ತು. ಪಕ್ಕದಲ್ಲಿ ಕೋಲು, ಹೆಡ್‌ಫೋನು.

"ನೀವು ನಮ್ಮವರಿಗೆ ಏನಾಗಬೇಕು?" ಜೊಹರಾ ನೇರವಾಗಿ ಕೇಳಿದಳು.

ತನುಜಾ ತಬ್ಬಿಬ್ಬಾದಳು. "ಏನೂ ಆಗಬೇಕಿಲ್ರಿ. ನಮ್ಮದು ಹಾವೇರ್ಯಾಗ ಬಟ್ಟೆ ಅಂಗಡಿ. ಭಾನುವಾರ ರಜಾ. ನಮ್ಮ ಮನೀಯವರು ಗಿಡುಗ ಒಂದು, ನಿಮ್ಮವರು ಎರಡು. ನಾನು ಇಬ್ಬರಿಗೂ ದಾರಿ ಹೇಳಾಕಿ. ಅವರ ಮುಖ ನಾವು ನೋಡಿದವರೇ ಅಲ್ಲ. ಇವತ್ತಾದ್ರೂ ನೋಡಬೇಕಂತ ಬಂದ್ವಿ, ಅಷ್ಟರಾಗ ಎತ್ತಿಬಿಟ್ಟಿದ್ರು."

"ಮೂರು ವರ್ಷ ಮಾತಾಡ್ತಾ ಇದ್ರಿ."

"ಮಾತೆಲ್ಲಿ ಬಂತ್ರಿ? ರೇಡಿಯೋದಾಗ ಮನಿ ಸುದ್ದಿ ತಗಿಯಂಗಿಲ್ಲ. ಅವರಿಗೆ ಮಕ್ಕಳೆಷ್ಟು ಅನ್ನೋದೂ ನಮಗ ಗೊತ್ತಿರಲಿಲ್ಲ. ಏನಾರ ತೊಂದ್ರಿ ಆದ್ರ ಇರ್ಲಿ ಅಂತ ನಿಮ್ಮ ನಂಬರ್ ಒಂದು ಕೊಟ್ಟಿದ್ರು. ನಿನ್ನಿ ಎಷ್ಟು ಕರದ್ರೂ ಅವರು ಉತ್ತರ ಕೊಡಲಿಲ್ಲ. ಹಿಂದ ಎಂದೂ ಹಂಗ ಆಗಿದ್ದಿಲ್ಲ. ಅದಕ್ಕ ನಿಮಗ ಹಚ್ಚಿದೆ. ಒಂದು ಮಾತು ಆಡೋದ್ರಾಗ ಕಟ್ ಆತು. ಈ ಕಡೆ ರೇಂಜ್ ಕಮ್ಮೀನೋ ಏನೋ."

ರೇಂಜ್ ಇರಲಿಲ್ಲ ಎಂದುಬಿಡಬಹುದಿತ್ತು. ಎದುರಿಗಿದ್ದವಳೇ ಬಾಯಿಗೆ ಉತ್ತರ ಇಟ್ಟಿದ್ದಳು. ಜೊಹರಾ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದುಕೊಂಡಳು.

"ರೇಂಜ್ ಇತ್ತು. ನಿಮ್ಮ ದನಿ ಗುರುತು ಸಿಕ್ತು. ನಾನೇ ಕಟ್ ಮಾಡ್ದೆ."

*

ನಿನ್ನೆ ಫೋನು ಕಟ್ ಮಾಡಿ ಜೊಹರಾ ಅಡುಗೆಮನೆಯಲ್ಲೇ ನಿಂತಿದ್ದಳು. ಈಗ ಮನೆಗೇ ಫೋನ್ ಮಾಡುವಷ್ಟಾಯಿತಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು. ಕಟ್ಟೆಯ ಮೇಲೆ ಚಹಾ ತಣ್ಣಗಾಗುತ್ತಿತ್ತು. ಬರಲಿ ಹೊರಗೆ, ಇವತ್ತು ಕೇಳಿಯೇ ಬಿಡುತ್ತೇನೆ ಎಂದು ಮಾತು ಜೋಡಿಸಿಕೊಳ್ಳುತ್ತ ನಿಂತವಳು ಮುಸ್ಸಂಜೆಯ ಮಗ್ರಿಬ್‌ನ ಅಜಾನ್ ಆದ ಮೇಲೆ ಹೋಗಿ ಬಾಗಿಲು ನೂಕಿದಳು. ರಜಾಕ್ ಮೇಜಿಗೆ ತಲೆಯಾನಿಸಿದ್ದ. ಎದುರಿನ ಪರದೆಯ ಮೇಲೆ ಬರೀ ಆಕಾಶ, ಅದಿನ್ನೂ ಚಲಿಸುತ್ತಿತ್ತು.

*

ತನುಜಾ ಕನ್ನಡಕ ತೆಗೆದು ಒರೆಸಿಕೊಂಡಳು. ಆಮೇಲೆ, "ನಾವೂ ಅವರ ಮ್ಯಾಲೆ ಸಂಶಯ ಪಟ್ಟೇವ್ರಿ" ಎಂದಳು.

"ಎಂತಕ್ಕೆ?"

"ಪ್ರತಿ ಸಲ ಆಟ ರಂಗಿಗೆ ಬರೂ ಹೊತ್ತಿಗೆ 'ಬಿಂಗೋ' ಅನ್ನೋರು. ಹಂಗಂದ್ರ, ಇನ್ನ ಮನಿಗೆ ಮುಟ್ಟೋವಷ್ಟ ಎಣ್ಣಿ ಉಳದೈತಿ, ನಾ ಹೊಂಟೆ ಅಂತ. ಆಮ್ಯಾಲೆ ರೆಕಾರ್ಡ್ ತಗದು ನೋಡಿದ್ರ ಟ್ಯಾಂಕ್ ತುಂಬ ಎಣ್ಣಿ! ಮನಷ್ಯಾ ಅಂಜುಬುರುಕ, ಸುಳ್ಳು ಹೇಳಿ ಓಡಿ ಹೋಗ್ತಾನ ಅಂತ ನಮ್ಮ ಮನೀಯವರು ಬೈತಿದ್ರು. ನಿನ್ನೆ ರಾತ್ರಿ ನಿಮ್ಮ ತಮ್ಮ ಸುದ್ದಿ ಹೇಳಿದ ಮ್ಯಾಲೆ ಕಡೀ ರೆಕಾರ್ಡ್ ಕೂತು ಕೇಳಿದ್ವಿ. ಆಟದ ಗದ್ದಲದಾಗ ಈ ಮೂರು ವರ್ಷ ನಮ್ಮ ಲಕ್ಷ್ಯಕ್ಕ ಬಂದಿರಲಿಲ್ಲ. ನೀವ ಕೇಳ್ರಿ."

ಫೋನನ್ನು ಜೊಹರಾಳ ಕಿವಿಗೆ ಹಿಡಿದಳು. ಮೊದಲು ಗುಂಯ್‌ಗುಡುವ ಸದ್ದು, ಅದರ ನಡುವೆ ತನುಜಾಳ ದನಿ. ಆಮೇಲೆ ದೂರದಿಂದ, ಬಾಗಿಲಾಚೆಯಿಂದ, ಸಿಡುಕಿನ ಒಂದು ಕೂಗು: "ಚಾ ಆಯ್ತು, ಬನ್ನಿ!"

ತನ್ನದೇ ದನಿ. ಅದು ಮುಗಿಯುವುದರೊಳಗೆ ರಜಾಕನ ಉತ್ತರ, ಅಷ್ಟೇ ಚುರುಕಾಗಿ: "ಕೋಟೆ, ಗಿಡುಗ ಎರಡು. ಬಿಂಗೋ. ಮನೆಗೆ ಹೊರಟೆ."

ಜೊಹರಾ ಅವನ ಕುರ್ಚಿಯ ಮೇಲೆ ಕೂತಳು.

"ಹಿಂದಿನವನ್ನೂ ಕೇಳಿದ್ವಿ. ಎಲ್ಲಾದ್ರಾಗೂ ಹಿಂಗ ಐತಿ. ಹೆಂಡ್ತಿ ಕರೀತಾಳ ಅಂದ್ರ ನಾವು ನಗತೀವಿ ಅನ್ನೋ ಸಂಕೋಚ ಇರಬೇಕ್ರಿ."

"ಮತ್ತೆ ಅಷ್ಟೊತ್ತು ಹೊರಗೇ ಬರ್ತಿರಲಿಲ್ಲ?"

"ಇಳಸಬೇಕಲ್ರೀ! ತಿರುಗಿ ಬಂದು ನೆಲಕ್ಕ ಮುಟ್ಟೋತನ ಹೊತ್ತು ಹಿಡಿತೈತಿ. ಬಾಕಿ ಮಂದಿ ಸ್ವಿಚ್ ಬಂದ್ ಮಾಡಿ ಎದ್ದು ಹೋಗ್ತಾರ. ಇವರಷ್ಟ ಹಂಗ ಮಾಡಲಿಲ್ಲ. ಗಾಡಿ ನಡುದಾರ್ಯಾಗ ಬಿಟ್ಟು ಹೋಗಬಾರ್ದು ಅಂತಿದ್ರು."

"ನಿನ್ನೆ ಎಂತಾಯ್ತು, ಅವರ ವಿಮಾನ?"

"ಮನಿ ಕಡೆ ಮುಖ ಮಾಡಿ ತಾನ ಹಾರಕೋತ ಹೊಂಟಿತ್ರಿ. ನಮ್ಮ ಮನೀಯವರು ಪಕ್ಕದಾಗ ಹಾರಕೋತ ಕರದ್ರು, ಕರದ್ರು. ಟ್ಯಾಂಕ್ ತುಂಬಿತ್ತಲ್ಲ, ಭಾಳೊತ್ತು ಹಾರ್ತು."

ಆಗ ಜೊಹರಾಳಿಗೆ ಅಳು ಬಂತು. ಬಾಗಿಲಾಚೆಯ ಹೆಂಗಸರೆಲ್ಲ ಬೆಚ್ಚಿಬೀಳುವ ಹಾಗೆ, ಮುಚ್ಚುಮರೆಯಿಲ್ಲದೆ ಅತ್ತಳು. ತನುಜಾ ಅವಳ ಬೆನ್ನು ಸವರುತ್ತ ನಿಂತಳು.

ಸಂಜೆ ಗಂಡಸರು ಕಬರಸ್ತಾನದಿಂದ ಹಿಂದಿರುಗಿ ಅಂಗಳದ ನಲ್ಲಿಯಲ್ಲಿ ಕೈಕಾಲಿನ ಮಣ್ಣು ತೊಳೆದುಕೊಳ್ಳುತ್ತಿದ್ದರು. ತನುಜಾಳ ಗಂಡನ ಅಂಗಿಗೂ ಮಣ್ಣು ಮೆತ್ತಿತ್ತು. ಪರಿಮಳಾ ದೊಡ್ಡ ಥರ್ಮಾಸಿನಲ್ಲಿ ಚಹಾ ತಂದು ಎಲ್ಲರಿಗೂ ಹಂಚಿದಳು.

"ನೀನೂ ಒಂದು ಗುಟುಕು ಕುಡಿ ಜೊಹರಾ."

"ಇನ್ನೊಂದು ಲೋಟ ಕೊಡು ಪರಿಮಳಕ್ಕ."

ಆ ಇನ್ನೊಂದು ಲೋಟ ಹಿಡಿದು ಜೊಹರಾ ಕೋಣೆಗೆ ಹೋದಳು. ಮೇಜಿನ ಮೇಲೆ ಹೆಡ್‌ಫೋನಿನ ಪಕ್ಕ ಅದನ್ನಿಟ್ಟಳು. ಒಂದು ಗಳಿಗೆ ಅದರ ಹಬೆ ನೋಡುತ್ತ ನಿಂತಳು. ಆಮೇಲೆ ಅಡುಗೆಮನೆಗೆ ಹೋಗಿ ಒಂದು ಬಸಿ ತಂದು ಲೋಟದ ಮೇಲೆ ಮುಚ್ಚಿಟ್ಟಳು.